ಹೋಗಿ ಬಂದ ಹೆಸರು

ವೋಲೊಸ್ ಬಂದರಿನಲ್ಲಿ ನಲವತ್ತು ವರ್ಷದಿಂದ
ದೋಣಿಗಳ ಮೂತಿಗೆ ಹೆಸರು ಬರೆಯುವವನು ಪಂದೆಲೀಸ್.
ಬರೆಯುವುದೆಲ್ಲ ದೊಡ್ಡಕ್ಷರ. ದೂರಕ್ಕೆ ಕಾಣಬೇಕಲ್ಲ,
ಅಲೆಗೆ ಅರ್ಧ ಅದ್ದಿದರೂ ಓದಲಿಕ್ಕೆ ಬರಬೇಕಲ್ಲ.
ತನ್ನ ಅಂಗಡಿಯ ಹಲಗೆಗೆ ಮಾತ್ರ ಚಿಕ್ಕಕ್ಷರ:
ಕೊನೆಯಲ್ಲೊಂದು ಸಿಗ್ಮಾ, ಗಾಳದ ಕೊಕ್ಕೆಯ ಹಾಗೆ
ಕೆಳಗಿಳಿದು ಡೊಂಕಿದ ಬಾಲ.
ಬಾಲದ ತುದಿಗೆ ಸರಿಯಾಗಿ ಒಂದು ಮೊಳೆ,
ಮೊಳೆಗೆ ಬೀಗದ ಕೈ.

ಮಗಳು ಮಿರ್ಸಿನಿಗೆ ರಾತ್ರಿಯ ಕೆಲಸ.
ಬಂದರಿನ ಸಂಘಕ್ಕೆ ನೂರಾ ಹನ್ನೆರಡು ಜಾಲವಿಳಾಸ,
ಎಲ್ಲವೂ ಗ್ರೀಕಿನಲ್ಲೇ ಇರಲೆಂದು ಅಧ್ಯಕ್ಷರ ಹಟ.
ಅಪ್ಪನದು ಎಪ್ಪತ್ತನೆಯದು.
ಪೈಥಾನಿನಲ್ಲಿ ಹನ್ನೊಂದು ಸಾಲು ಬರೆದಳು.
ಅದೇ ಹೆಸರಿನ ಹೆಬ್ಬಾವು ಒಂದಾನೊಂದು ಕಾಲಕ್ಕೆ
ಡೆಲ್ಫಿಯಲ್ಲಿ ಕಣಿಯ ಬಾಯಿ ಕಾಯುತ್ತಿತ್ತಂತೆ;
ಇಲ್ಲಿಂದ ಬಸ್ಸು ಬದಲಿಸಿ ಹೋದರೆ ಅರ್ಧ ದಿನ.

ತಂತಿಯ ಆಚೆಯವರಿಗೆ ಗೊತ್ತಿರುವುದು ಇಪ್ಪತ್ತಾರೇ ಅಕ್ಷರ,
ಹತ್ತು ಅಂಕಿ, ಒಂದು ಅಡ್ಡಗೆರೆ.
ಉಳಿದ ಲೋಕವೆಲ್ಲ ವೇಷ ಹಾಕಿ ದಾಟಬೇಕು:
ಮೊದಲು ಎಕ್ಸ್, ಆಮೇಲೆ ಎನ್, ಎರಡು ಗೆರೆ,
ಹಿಂದೆಯೇ ಬಾಯಿಗೆ ಬಾರದ ಅಕ್ಷರಗಳ ಗುಂಪು,
ಯಾರೋ ಕೆಮ್ಮಿದಂತೆ.
ದೇಶವನ್ನೇ ಹೇಳುವ ಕೊನೆಯ ಎರಡಕ್ಷರ, 'ಎಲ್',
ಅದೂ ಅಲ್ಲಿ ಕ್ಯು ಎಕ್ಸ್ ಎ ಎಮ್.

ಹೋಗಿ ಬಾ ಅಂದಳು ಹೆಸರಿಗೆ.
ಹೋಯಿತು. ಬಂತು.
ಹೋದದ್ದೂ ಬಂದದ್ದೂ ಒಂದೇ ಏನು?
ಹನ್ನೊಂದನೆಯ ಸಾಲು ಕೇಳುವುದು ಇಷ್ಟೇ.
ಉತ್ತರ: ಅಲ್ಲ.

ಕಣ್ಣುಜ್ಜಿ ನೋಡಿದಳು. ಪೀ ಇದೆ, ಆಲ್ಫಾ ಇದೆ,
ಈಟಾದ ನೆತ್ತಿಯ ಗೀಟೂ ಇದೆ.
ಕೊನೆಯಲ್ಲಿ ಕೊಕ್ಕೆಯಿಲ್ಲ.
ಆ ಜಾಗದಲ್ಲಿ ದುಂಡು ಸಿಗ್ಮಾ, ಪದದ ನಡುವೆ ಕೂರಬೇಕಾದ್ದು,
ನೆತ್ತಿಯ ಗೆರೆ ಬಲಕ್ಕೆ ಚಾಚಿ
ಇಲ್ಲದ ಮುಂದಿನ ಅಕ್ಷರದ ಕೈಗೆ ತಡಕುತ್ತಿದೆ.

ಹಳೆಯ ನಿಯಮ, ಎರಡು ಸಾವಿರದ ಮೂರರದು.
ಸಿಗ್ಮಾ ಅಂದರೆ ಸಿಗ್ಮಾ, ನಡುವಿನದೇನು ಕೊನೆಯದೇನು
ಎಂದು ಯಾವುದೋ ಕೋಣೆಯಲ್ಲಿ ತೀರ್ಮಾನವಾಗಿತ್ತು.
ನಮ್ಮ ಅರ್ಕಾವೊತ್ತನ್ನು ಕಿತ್ತು ಮುಂದೆ ಕೂರಿಸಿ
ಸದ್ದು ಅದೇ ತಾನೆ ಎಂದ ಹಾಗೆ.
ಸದ್ದು ಅದೇ. ಕಣ್ಣಿಗೆ ಎಡವುತ್ತದೆ.

ಬೆಳಿಗ್ಗೆ ಅಪ್ಪ ಬಂದ, ಉಗುರ ಸಂದಿಯಲ್ಲಿ ನೀಲಿ.
ಪರದೆ ನೋಡಿ, "ಇವನು ಯಾರು?" ಅಂದ,
"ಮಾತು ಮುಗಿಸದೆ ಎದ್ದು ಹೋದವನಂತಿದ್ದಾನೆ."
ಮಿರ್ಸಿನಿ ಹೇಳಿದಳು. ಪೂರ್ತಿ ಕೇಳಿ
ಕಾಫಿಯ ತಳದ ಗಸಿ ಅಲ್ಲಾಡಿಸಿದ.
"ಒಂದು ಹೇಳಲಾ? ಆ ಅಕ್ಷರ ಇರುವುದು
ನನ್ನ ಬಗ್ಗೆ ಮಾತಾಡುವವರ ಬಾಯಲ್ಲಿ.
ತೆರಿಗೆಯವನು, ಸಾಲ ಕೊಟ್ಟವನು, ಪಾದ್ರಿ,
ಅವರಿಗೆಲ್ಲ ನಾನು ಪಂದೆಲೀಸ್.
ನಿಮ್ಮಮ್ಮ ಮಹಡಿಯಿಂದ ಕೂಗುವಾಗ ಬರೀ ಪಂದೆಲೀ.
ಕರೆದರೆ ಬಿದ್ದುಹೋಗುತ್ತೆ ಅದು."

ವ್ಯಾಕರಣದಲ್ಲಿ ಇದಕ್ಕೆ ಸಂಬೋಧನೆ ಅನ್ನುತ್ತಾರೆ.
ಮೆಟ್ಟಿಲ ಮೇಲೆ ಅದಕ್ಕೆ ಹೆಸರಿಲ್ಲ, ದನಿ ಅಷ್ಟೇ.

ಆದರೂ ಬಿಡಲಿಲ್ಲ ಅವಳು.
ಹೊಸ ನಿಯಮ ಬಲ್ಲ ಕೋಶ ತಂದು ಜೋಡಿಸಿದಳು.
ಕೊಕ್ಕೆ ಬಂತು. ಹೋದದ್ದೂ ಬಂದದ್ದೂ ಒಂದೇ? ಹೌದು.
ಈಗ ತೊಡಕು ಬೇರೆ: ದುಂಡಿಗೊಂದು ವೇಷ, ಕೊಕ್ಕೆಗೊಂದು ವೇಷ,
ಒಬ್ಬನೇ ಮನುಷ್ಯನಿಗೆ ಎರಡು ಬೀದಿಯಲ್ಲಿ ಎರಡು ಬಾಗಿಲು.
"ಎರಡನ್ನೂ ಕೊಂಡುಕೋ" ಅಂದ ಕುಂಚ ತೊಳೆಯುತ್ತ,
"ತಪ್ಪು ಬಾಗಿಲಿಗೆ ಬಂದವರಿಗೂ ದೋಣಿ ಇರುತ್ತೆ."

ಅವನು ಇಳಿದು ಹೋದ ಮೇಲೆ
ಮಿರ್ಸಿನಿ ಪಟ್ಟಿ ಕೆಳಗೆ ಸರಿಸಿದಳು.
ಎಪ್ಪತ್ತೊಂದು: ಬಲೆ ಹೊಲಿಯುವ ಅಕಿಂದಿನೊಸ್. ಅವನಿಗೂ ಕೊಕ್ಕೆ.
ಎಪ್ಪತ್ತೆರಡು: ಮಂಜುಗಡ್ಡೆಯ ಸ್ತೆರ್ಯೊಸ್. ಅವನಿಗೂ.
ಎಪ್ಪತ್ಮೂರು, ಎಪ್ಪತ್ನಾಲ್ಕು.
ಊರಿಗೂ ಕೂಡ, ನೋಡಿದರೆ.
ಎಲ್ಲರಿಗೂ ಎರಡೆರಡು ಬಾಗಿಲು ಎಂದರೆ
ಸಂಘದ ಖಜಾಂಚಿ ಏನನ್ನುತ್ತಾನೋ.
ಅವನ ಹೆಸರೂ ಮುಗಿಯುವುದು ಅದರಲ್ಲೇ.